ಹ್ಯಾಪಿ ಹೋಮ್ ಎರಡನೇ ಭಾಗಕ್ಕೆ ಹುಣಸೂರಿನ ಮಹಜರು

ಹುಣಸೂರಿನ ಬಜಾರು ರಸ್ತೆಯಲ್ಲಿ ಇಂಗ್ಲಿಷ್ ಬಲ್ಲವರು ಎಷ್ಟು ಮಂದಿ ಇದ್ದರೋ ಏನೋ, ಇಂಗ್ಲಿಷನ್ನು ಲಿಂಗರಾಜುವಿನಷ್ಟು ಧೈರ್ಯವಾಗಿ ಓದುವವರಂತೂ ಇನ್ನೊಬ್ಬರಿರಲಿಲ್ಲ. ಪಿಯುಸಿಯಲ್ಲಿ ಅದೇ ವಿಷಯಕ್ಕೆ ಮೂರು ಸಲ ಕೂತು ಮೂರು ಸಲವೂ ಹಾಗೇ ಎದ್ದು ಬಂದಿದ್ದ ಈ ಮಹಾನುಭಾವ, ಗೊಬ್ಬರ ಮತ್ತು ಕೀಟನಾಶಕದ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಪಂಡಿತನಾದ. ಹೊಗೆಸೊಪ್ಪಿನ ರೈತರು ಬಾಟಲಿ ಹಿಡಿದು ಬಂದು, "ಇದ್ರಲ್ಲಿ ಏನ್ ಬರ್ದವ್ರೆ, ವಸಿ ಓದಪ್ಪ" ಅಂದರೆ ಲಿಂಗರಾಜು ಕನ್ನಡಕ ಏರಿಸಿ, ಬಾಟಲಿಯನ್ನು ಬೆಳಕಿಗೆ ತಿರುಗಿಸಿ, ಅದರ ಮೇಲಿನ ಹುಳದ ಚಿತ್ರವನ್ನು ನೋಡುತ್ತಿದ್ದ. ಹುಳ ಉದ್ದಕ್ಕಿದ್ದರೆ "ಕಾಂಡ ಕೊರೆಯೋದಕ್ಕೆ", ಗುಂಡಗಿದ್ದರೆ "ಎಲೆ ತಿನ್ನೋದಕ್ಕೆ", ಹುಳವೇ ಇಲ್ಲದಿದ್ದರೆ "ಇದು ಎಲ್ಲದಕ್ಕೂ". ಬೆಳೆ ಚೆನ್ನಾಗಿ ಬಂದರೆ ಹೆಸರು ಲಿಂಗರಾಜುವಿಗೆ, ಬಾರದಿದ್ದರೆ ತಪ್ಪು ಮಳೆಯದು. ಹೀಗೆ ಹತ್ತು ವರ್ಷ ಸುಖವಾಗಿ ನಡೆದಿತ್ತು.

ಆ ಸುಖಕ್ಕೆ ಕಲ್ಲು ಬಿದ್ದದ್ದು ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ, ನೀಲಕಂಠಸ್ವಾಮಿಯ ಕಂಪ್ಯೂಟರ್ ಸೆಂಟರಿನಲ್ಲಿ.

ಈ ಸೆಂಟರಿನಲ್ಲಿದ್ದದ್ದು ಮೂರು ಕಂಪ್ಯೂಟರು. ಒಂದರಲ್ಲಿ ಮದುವೆ ಪತ್ರಿಕೆ ಟೈಪಾಗುತ್ತಿತ್ತು, ಇನ್ನೊಂದು ಯಾವಾಗಲೂ ರಿಪೇರಿಯಲ್ಲಿರುತ್ತಿತ್ತು, ಮೂರನೆಯದರಲ್ಲಿ 'ಹ್ಯಾಪಿ ಹೋಮ್' ಎಂಬ ಆಟ. ಗುಂಡು ಹಾರಿಸುವ ಆಟವಲ್ಲ, ಕಾರು ಓಡಿಸುವ ಆಟವೂ ಅಲ್ಲ. ಖಾಲಿ ಜಾಗದಲ್ಲಿ ಮನೆ ಕಟ್ಟಬೇಕು, ಒಳಗೆ ಜನರನ್ನು ಬಿಡಬೇಕು, ಅವರಿಗೆ ಹಸಿವಾದಾಗ ಅನ್ನ ಹಾಕಿಸಬೇಕು, ಸ್ನಾನ ಮಾಡಿಸಬೇಕು, ಜಗಳವಾಡಿದರೆ ರಾಜಿ ಮಾಡಿಸಬೇಕು. ಮನೆಯಲ್ಲಿ ಬಿಟ್ಟಿಯಾಗಿ ಸಿಗುವ ಈ ಕಷ್ಟವನ್ನೇ ಸೆಂಟರಿಗೆ ಬಂದು ಸರದಿ ನಿಂತು ಪಡುವುದಕ್ಕೆ ಅರ್ಧ ಬಜಾರು ಹುಚ್ಚಾಗಿತ್ತು. ಆಟದೊಳಗಿನ ಜನ ಮಾತಾಡುವುದು ಯಾವ ಭಾಷೆ ಎಂದು ಮಾತ್ರ ಯಾರಿಗೂ ಬಗೆಹರಿದಿರಲಿಲ್ಲ. ಎದುರಿಗಿದ್ದ ಬೇಕರಿಯ ಮಲಯಾಳಿ ಬಂದು ಕೇಳಿ, ಇದು ಕೊಡವ ತಕ್ಕ್ ಅಂದ. ಮಡಿಕೇರಿ ಬಸ್ಸಿಂದಿಳಿದ ಕೊಡವರೊಬ್ಬರು ಕೇಳಿ, ಇದು ಮಲಯಾಳ ಅಂದರು. ಅಲ್ಲಿಗೆ ಸಂಶೋಧನೆ ನಿಂತಿತು.

ಆ ಊರಿನಲ್ಲಿ, ಅಂದರೆ ಪರದೆಯೊಳಗಿನ ಊರಿನಲ್ಲಿ, ಲಿಂಗರಾಜುವಿಗೆ ಎರಡಂತಸ್ತಿನ ಮನೆ, ಮುಂದೆ ಈಜುಕೊಳ. ಪಕ್ಕದ ಮನೆ ಚಾಮುಂಡಮ್ಮನವರದು. ಸೆಂಟರಿದ್ದ ಕಟ್ಟಡವೇ ಚಾಮುಂಡಮ್ಮನವರದಾಗಿದ್ದರಿಂದ ಕುರ್ಚಿಯಿಂದ ಅವರನ್ನು ಎಬ್ಬಿಸುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಆದರೆ ಅವರ ಸೊಸೆ ಸುಕನ್ಯ ಹುಟ್ಟಿದ್ದಳು. ಬೆಳಿಗ್ಗೆ ಅತ್ತೆ ಬಂದು ಪರದೆಯ ಮನೆಯಲ್ಲಿ ಒಲೆಯನ್ನು ತಾವೇ ಆಗ್ನೇಯವೆಂದುಕೊಂಡ ಮೂಲೆಗೆ ಇಡುವರು. ಮಧ್ಯಾಹ್ನ ಅತ್ತೆ ನಿದ್ದೆ ಮಾಡುವಾಗ ಸೊಸೆ ಬಂದು ಒಲೆಯನ್ನು ಕಿಟಕಿ ಪಕ್ಕಕ್ಕೆ ತಳ್ಳುವಳು. ಆ ಮನೆಯ ಒಲೆ ತಿರುಗಿದಷ್ಟು ಹುಣಸೂರು ಮೈಸೂರು ಬಸ್ಸೂ ತಿರುಗಿರಲಿಕ್ಕಿಲ್ಲ.

ಮೂರನೆಯ ಮನೆ ಚಾಮಯ್ಯನದು.

ಚಾಮಯ್ಯನಿಗೆ ಎಪ್ಪತ್ತರ ಹತ್ತಿರ. ಕೋಟೆ ತಾಲ್ಲೂಕಿನಲ್ಲಿ ಹೊಳೆಗೆ ಅಣೆಕಟ್ಟೆ ಎದ್ದಾಗ ಅವನ ಊರು ನೀರಿನಡಿ ಹೋಗಿ, ಸಂಸಾರವೆಲ್ಲ ಹುಣಸೂರಿನ ಪಕ್ಕದ ಕಾಲೊನಿಗೆ ಬಂದು ಬಿದ್ದಿತ್ತು. ಸಂತೆ ದಿನ ಬೆಳೆಗೆ ಔಷಧಿ ಕೊಳ್ಳಲು ಬಂದವನು ಲಿಂಗರಾಜುವಿನ ಹಿಂದೆಯೇ ಸೆಂಟರಿಗೆ ಬಂದು, ಪರದೆಯಲ್ಲಿ ಗೋಡೆ ಏಳುವುದನ್ನು ನೋಡಿ ನಿಂತುಬಿಟ್ಟ. "ಇದ್ರಲ್ಲಿ ಯಾವ್ ಮನೆ ಬೇಕಾರೂ ಕಟ್ಬೌದಾ?" ಅಂದ. ಲಿಂಗರಾಜು ಹೂಂ ಅಂದಿದ್ದೇ ತಪ್ಪಾಯಿತು. ಮೂರು ತಿಂಗಳು, ಪ್ರತಿ ಸಂತೆಗೂ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಟ್ಟಿಸಿದ. ಜಗಲಿ ಆ ಆಟದಲ್ಲಿರಲಿಲ್ಲ, ಕಲ್ಲುಬೆಂಚು ಸಾಲಾಗಿ ಜೋಡಿಸಿದರು. ನೀರೊಲೆ ಇರಲಿಲ್ಲ, ಮಾಂಸ ಸುಡುವ ಯಾವುದೋ ಒಲೆಯನ್ನು ಹಿತ್ತಿಲಲ್ಲಿಟ್ಟರು. ಎಮ್ಮೆ ಇರಲಿಲ್ಲ, ಕಪ್ಪು ನಾಯಿ ಕಟ್ಟಿದರು. ಕೊನೆಗೆ ಮನೆಯೊಳಗೆ ಯಾರಾದರೂ ಒಬ್ಬರಿರಬೇಕಲ್ಲ ಎಂದಾಗ ಚಾಮಯ್ಯ, "ನಮ್ಮವ್ವನ್ನ ಮಾಡು. ಚಿಕ್ಕಮಾದಮ್ಮ ಅಂತ" ಅಂದ.

ಸೀರೆ ಇರಲಿಲ್ಲ.

"ಅವ್ವಂಗೆ ಪ್ಯಾಂಟ್ ಹಾಕ್ತೀಯೇನ್ಲಾ?" ಎಂದು ಚಾಮಯ್ಯ ಎದ್ದು ನಿಂತ. ಲಿಂಗರಾಜು ಹುಡುಕಿ ಹುಡುಕಿ ಪಾದದವರೆಗೆ ಬರುವ ಒಂದು ನಿಲುವಂಗಿ ತೊಡಿಸಿದ. ಚಾಮಯ್ಯ ತಲೆ ಓರೆ ಮಾಡಿ ನೋಡಿ, "ಕಾನ್ವೆಂಟ್ ಇಸ್ಕೂಲ್ ಮದರ್ ಕಂಡಂಗೆ ಕಾಣ್ತಾಳೆ. ಇರ್ಲಿ ಬುಡು, ಮೈ ತುಂಬಾ ಬಟ್ಟೆ ಅದಲ್ಲ" ಅಂದ. ನಿಜವಾದ ಚಿಕ್ಕಮಾದಮ್ಮ ಊರು ಮುಳುಗಿ ಕಾಲೊನಿಗೆ ಬಂದ ಮರುವರ್ಷವೇ ತೀರಿಕೊಂಡಿದ್ದಳು. ಅಲ್ಲಿಂದ ಮುಂದೆ ಸಂತೆ ದಿನ ಚಾಮಯ್ಯ ಬಂದರೆ ಮೊದಲು ಸೆಂಟರು, ಆಮೇಲೆ ಸಂತೆ. ಅವ್ವ ಹಿತ್ತಿಲಲ್ಲಿ ಗಿಡಕ್ಕೆ ನೀರು ಹಾಕುವುದನ್ನು ನೋಡಿ, "ಸರಿ, ಬತ್ತೀನಿ" ಎಂದು ಪರದೆಗೆ ಹೇಳಿ ಹೋಗುತ್ತಿದ್ದ.

ಹೀಗಿರುವಾಗ ಮೈಸೂರಿಗೆ ಹೋಗಿ ಬಂದ ನೀಲಕಂಠಸ್ವಾಮಿ ಒಂದು ಇಂಗ್ಲಿಷ್ ಪತ್ರಿಕೆಯ ಹಾಳೆ ತಂದ. ಹ್ಯಾಪಿ ಹೋಮ್ ಎರಡನೇ ಭಾಗ ಬರುತ್ತಿದೆಯಂತೆ! ಹಾಳೆಯ ತುಂಬ ಸುದ್ದಿ. ಆದರೆ ನೀಲಕಂಠಸ್ವಾಮಿಗೆ ಗೊತ್ತಿದ್ದ ಇಂಗ್ಲಿಷು ಓಕೆ, ಕ್ಯಾನ್ಸಲ್, ಎಸ್, ನೋ, ಇಷ್ಟೇ. ಕಂಪ್ಯೂಟರು ಏನೇ ಕೇಳಲಿ, ಎಸ್ ಒತ್ತುವುದು ಅವನ ವಿದ್ಯೆ. ಆ ವಿದ್ಯೆಯಿಂದಲೇ ಎರಡನೆಯ ಕಂಪ್ಯೂಟರು ಸದಾ ರಿಪೇರಿಯಲ್ಲಿರುತ್ತಿದ್ದದ್ದು. "ಲಿಂಗರಾಜಣ್ಣನ್ನ ಕರೀರಿ" ಅಂದ.

ಲಿಂಗರಾಜು ಬಂದ. ಜನ ಸುತ್ತುವರಿದರು. ಅವನು ಕನ್ನಡಕ ಏರಿಸಿ, ಹಾಳೆಯನ್ನು ಬೆಳಕಿಗೆ ತಿರುಗಿಸಿ, ಚಿತ್ರ ನೋಡಿದ. ಒಂದು ಚಿತ್ರದಲ್ಲಿ ಮಗು, ಇನ್ನೊಂದರಲ್ಲಿ ಊರುಗೋಲು ಹಿಡಿದ ಮುದುಕ, ಮತ್ತೊಂದರಲ್ಲಿ ಗೋರಿ.

"ಎರಡನೇ ಭಾಗದಲ್ಲಿ ಜನಕ್ಕೆ ವಯಸ್ಸಾಗ್ತದೆ. ಸಾಯ್ತಾರೆ ಕೂಡ" ಎಂದು ಗಂಭೀರವಾಗಿ ಸಾರಿದ. ಅವನ ಜೀವಮಾನದಲ್ಲಿ ಸರಿಯಾಗಿ ಓದಿದ ಮೊದಲ ಇಂಗ್ಲಿಷ್ ಸುದ್ದಿ ಅದು.

ಸುಕನ್ಯಳ ಮುಖ ಅರಳಿತು. ಮೊದಲನೇ ಭಾಗದಲ್ಲಿ ಅತ್ತೆಗೆ ವಯಸ್ಸೇ ಆಗುವುದಿಲ್ಲವೆಂಬುದು ಅವಳ ದೊಡ್ಡ ದೂರಾಗಿತ್ತು. "ಸೊಸೆ ಬೇರೆ ಮನೆ ಮಾಡ್ಬೌದಾ, ಅದನ್ನ ಬರ್ದವ್ರಾ?" ಎಂದು ಪಿಸುಗುಟ್ಟಿದಳು. ಲಿಂಗರಾಜು ಹಾಳೆಯ ಮೂಲೆಗೆ ಬೆರಳಿಟ್ಟು, "ಇಲ್ಲೇ ಅದೆ" ಅಂದ. ಅವಳು ಅತ್ತ ಹೋದದ್ದೇ ಚಾಮುಂಡಮ್ಮ ಇತ್ತ ಬಂದು, "ಸೊಸೆ ಅತ್ತೆ ಮಾತು ಕೇಳೋ ಅಂಗೆ ಏನಾರಾ ಮಾಡವ್ರಾ ಅದ್ರಲ್ಲಿ? ಒಲೆ ಮುಟ್ಟಕೂಡ್ದು, ಅಷ್ಟೆ" ಎಂದರು. ಲಿಂಗರಾಜು ಅದೇ ಮೂಲೆಗೆ ಅದೇ ಬೆರಳಿಟ್ಟು, "ಇಲ್ಲೇ ಅದೆ ಕಣ್ರವ್ವಾ" ಅಂದ. ಇಲ್ಲ ಅನ್ನುವುದಕ್ಕೆ ಓದು ಬರಬೇಕು. ಹೌದು ಅನ್ನುವುದಕ್ಕೆ ಏನೂ ಬೇಡ.

ಆಮೇಲೆ ವೀರಭದ್ರಸ್ವಾಮಿಗಳ ಸರದಿ. ಹಾರನಹಳ್ಳಿ ಕಡೆ ಇಪ್ಪತ್ತೆಂಟು ವರ್ಷ ವಿಲೇಜ್ ಅಕೌಂಟೆಂಟಾಗಿದ್ದು ನಿವೃತ್ತರಾಗಿದ್ದ ಅವರಿಗೆ ಈ ಆಟದ ಮೇಲೆ ಮೊದಲಿಂದಲೂ ಅಸಮಾಧಾನ. "ಇದೆಂಥಾ ಊರು ಮಾರಾಯ, ಇಷ್ಟು ಮನೆ ಎದ್ದವೆ, ಒಂದು ತಾಲ್ಲೂಕಾಫೀಸಿಲ್ಲ. ಒಂದ್ ಸೀಲಿಲ್ಲ, ಸಹಿ ಇಲ್ಲ. ಇದು ಬಾಳಾ ದಿನ ನಡೆಯಾಕಿಲ್ಲ" ಎನ್ನುತ್ತಿದ್ದರು. ಎರಡನೇ ಭಾಗದಲ್ಲಾದರೂ ತಾಲ್ಲೂಕಾಫೀಸಿದೆಯೋ ಎಂದು ಕೇಳಿದರು.

"ಅದೆ ಸಾರ್. ಕಾಂಪೌಂಡ್ ಸಮೇತ" ಎಂದ ಲಿಂಗರಾಜು.

ಎಲ್ಲರೂ ಸಂತೋಷದಿಂದ ಚದುರಿದರು. ಉಳಿದವನು ಚಾಮಯ್ಯ ಒಬ್ಬ.

"ನಂದು ಒಂದೇ ಕ್ಯೋಳೋದು ಕಣ್ಲಾ ಲಿಂಗರಾಜು. ಎರಡನೇ ಭಾಗ ಬಂದ್ರೆ, ಈಗಿರೋ ಮನೆ ಅಂಗೇ ಬತ್ತದಾ? ಅವ್ವ ಬತ್ತಾಳಾ?"

ಹಾಳೆಯ ಕೆಳಗೆ, ಕೆಂಪು ಚೌಕದೊಳಗೆ ಒಂದು ಸಾಲು ಇತ್ತು. ಅದರಲ್ಲಿ ಲಿಂಗರಾಜುವಿಗೆ ಗೊತ್ತಿದ್ದ ಪದ ಮೂರೇ: ಹಳೆಯ, ಮನೆ, ಇಲ್ಲ. ಮೂರನ್ನು ಜೋಡಿಸಿದರೆ ಆಗುವ ಅರ್ಥಕ್ಕೆ ಪಿಯುಸಿ ಪಾಸಾಗಿರಬೇಕಾಗಿರಲಿಲ್ಲ. ಮುದುಕನ ಮುಖ ನೋಡಿದ, ಚೌಕ ನೋಡಿದ, ಹೆಬ್ಬೆರಳನ್ನು ಚೌಕದ ಮೇಲೆ ಮುಚ್ಚಿದ.

"ಬತ್ತದೆ ಬುಡಜ್ಜ" ಅಂದ.

ಅಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ವೀರಭದ್ರಸ್ವಾಮಿಗಳು ತಿರುಗಿ, "ಅಂಗೆಂಗೆ ಬತ್ತದೆ? ತಾಲ್ಲೂಕಾಫೀಸು ಅದೆ ಅಂದ್ಮೇಲೆ ದಾಖಲೆ ಕೇಳಾಕಿಲ್ವಾ? ಈ ಮನೆ ಇಂಥವ್ರದು ಅನ್ನೋಕೆ ಕಾಗ್ದ ಎಲ್ಲಿ?" ಎಂದರು.

ಚಾಮಯ್ಯ ಬೆಚ್ಚಿದ. ಅವನ ಅಪ್ಪ ಊರು ಬಿಡುವಾಗ ಹಿತ್ತಿಲ ಜಾಗಕ್ಕೆ ಕಾಗದವಿಲ್ಲದೆ, ಎರಡು ಹಲಸಿನ ಮರ ಒಂದು ಬಾವಿ ಪರಿಹಾರದ ಲೆಕ್ಕಕ್ಕೇ ಬಾರದೆ ಹೋಗಿದ್ದವು. "ದಿಟ ಸ್ವಾಮಿ. ಒಂದ್ ಜಾಗದಿಂದ ಇನ್ನೊಂದ್ ಜಾಗಕ್ಕೆ ಎಬ್ಬಿಸುವಾಗ ಕಾಗ್ದ ಇಲ್ದೋನು ಕೆಟ್ಟ. ಈ ಸತಿ ನಾನು ಬುಡಾಕಿಲ್ಲ. ಮಹಜರು ಮಾಡ್ಸಿ."

ಮುಂದಿನ ಸಂತೆಯ ದಿನವೇ ಮಹಜರು. ವೀರಭದ್ರಸ್ವಾಮಿಗಳು ನಿವೃತ್ತಿಯ ನಂತರ ಮೊದಲ ಸಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೇಪು, ಕಾರ್ಬನ್ ಹಾಳೆ, ಇಂಕಿನ ಪ್ಯಾಡು ಸಮೇತ ಬಂದರು. ಪರದೆಯ ಮೇಲೆ ಟೇಪಿಟ್ಟು ಅಳೆದರು. ಚಾಮಯ್ಯನ ಮನೆ ಮೂರೂಮುಕ್ಕಾಲು ಅಂಗುಲ ಉದ್ದ, ಎರಡು ಅಂಗುಲ ಅಗಲ ಬಂತು.

"ಪೂರ್ವ ಯಾವ್ ಕಡೆ?" ಎಂದರು.

ಯಾರಿಗೂ ಗೊತ್ತಿರಲಿಲ್ಲ. ಆ ಊರಿನಲ್ಲಿ ಸೂರ್ಯನೇ ಕಾಣುತ್ತಿರಲಿಲ್ಲ, ಬೆಳಕು ತಾನಾಗಿ ಬರುತ್ತಿತ್ತು. ಕಡೆಗೆ ಮೇಜನ್ನೇ ತಿರುಗಿಸಿ ಕಂಪ್ಯೂಟರಿನ ಮುಖ ಪೂರ್ವಕ್ಕಿದ್ದ ಬಸ್ ಸ್ಟ್ಯಾಂಡಿನ ಕಡೆಗೆ ಮಾಡಿ ಪೂರ್ವ ನಿಗದಿ ಮಾಡಿದರು. ತಿರುಗಿಸುವಾಗ ವೈರು ಕಿತ್ತು ಊರು ಒಂದು ಸಲ ಕತ್ತಲಾಯಿತು. ಚಾಮಯ್ಯ ಎದೆ ಹಿಡಿದುಕೊಂಡ. ಮತ್ತೆ ಬೆಳಕಾದಾಗ ಅವ್ವ ಹಿತ್ತಿಲಲ್ಲೇ ಇದ್ದಳು.

ವೀರಭದ್ರಸ್ವಾಮಿಗಳು ಗಂಟಲು ಸರಿಮಾಡಿಕೊಂಡು ಓದಿದರು: "ಹ್ಯಾಪಿ ಹೋಮ್ ಗ್ರಾಮ, ಒಂದನೇ ಭಾಗ. ಸದರಿ ಮನೆಗೆ ಚೆಕ್ಕುಬಂದಿ: ಪೂರ್ವಕ್ಕೆ ಲಿಂಗರಾಜುವಿನ ಎರಡಂತಸ್ತಿನ ಮನೆ ಮತ್ತು ಈಜುಕೊಳ. ಪಶ್ಚಿಮಕ್ಕೆ ರಸ್ತೆ. ಉತ್ತರಕ್ಕೆ ಚಾಮುಂಡಮ್ಮ ಕೋಂ ಲೇಟ್ ಕಂಠಪ್ಪನವರ ಮನೆ. ದಕ್ಷಿಣಕ್ಕೆ ಪರದೆ ಮುಗಿಯುತ್ತದೆ. ಮನೆಯಲ್ಲಿ ಚಿಕ್ಕಮಾದಮ್ಮ ಎಂಬುವರು ಸ್ವಂತ ಅನುಭವದಲ್ಲಿರುವುದನ್ನು ಪಂಚರು ಕಣ್ಣಾರೆ ಕಂಡಿರುತ್ತೇವೆ."

"ಅದೆಂಗೆ ಚಾಮುಂಡಮ್ಮನ ಮನೆ ಅಂತ ಬರೀತೀರಿ? ಅಡುಗೆಮನೆ ನಾನು ಕಟ್ಟಿದ್ದು" ಎಂದಳು ಸುಕನ್ಯ.

"ನೀನು ಕಟ್ಟಿದ್ದೋ ಕೆಡವಿದ್ದೋ? ಇರ್ಲಿ, ಎರಡನೇ ಭಾಗ ಬರ್ಲಿ. ಅದ್ರಲ್ಲಿ ನೀನು ಒಲೆ ಮುಟ್ಟಂಗೇ ಇಲ್ಲ, ಕಂಪನಿಯೋರೇ ಬರ್ದವ್ರೆ. ಕೇಳು ಲಿಂಗರಾಜುನ" ಎಂದರು ಚಾಮುಂಡಮ್ಮ.

"ಅಯ್ಯೋ ನಾನು ಬೇರೆ ಮನೆಗೇ ಓಯ್ತೀನಲ್ಲ, ಅದನ್ನೂ ಕಂಪನಿಯೋರೇ ಬರ್ದವ್ರೆ. ಕೇಳಿ ಲಿಂಗರಾಜಣ್ಣನ್ನ."

ಇಬ್ಬರೂ ತಿರುಗಿದರು. ಲಿಂಗರಾಜು ಟೇಪನ್ನು ಬಹಳ ನಿಧಾನವಾಗಿ ಸುತ್ತುತ್ತಿದ್ದ. ಅವನನ್ನು ಉಳಿಸಿದ್ದು ಬಾಗಿಲಲ್ಲಿ ನಿಂತ ಅವನ ಹೆಂಡತಿ ಪ್ರಮೀಳಾ. ಉಳಿಸಲೆಂದು ಬಂದವಳಲ್ಲ. ನಲ್ಲಿಯ ಹತ್ತಿರ ಯಾರೋ, "ನಿನ್ ಗಂಡ ಎರಡಂತಸ್ತಿನ ಮನೆ ಕಟ್ಸವ್ನಂತೆ, ಇವತ್ತು ಮಹಜರಂತೆ" ಅಂದಿದ್ದರು. ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡೇ ಬಂದಿದ್ದಳು.

"ಎಲ್ರೀ ಮನೆ?"

ಲಿಂಗರಾಜು ಬೆರಳು ತೋರಿಸಿದ. ಪ್ರಮೀಳಾ ಬಗ್ಗಿ ಈಜುಕೊಳವನ್ನು ನೋಡಿದಳು. ಗಂಡನನ್ನು ನೋಡಿದಳು. "ಮೂರ್ ದಿನಕ್ಕೊಂದ್ ಸತಿ ನೀರು ಬರೋ ಊರಲ್ಲಿ ನಾನು ಕೊಡ ಹೊತ್ಕಂಡು ಸಾಯ್ತಿದೀನಿ, ಇವ್ರು ಇಲ್ಲಿ ಕೊಳ ತುಂಬ್ಸವ್ರೆ" ಎಂದು ಸಭೆಗೆ ತಿಳಿಸಿ, "ಒಳಗೆ ಆ ಹೆಂಗಸು ಯಾರು?" ಎಂದಳು.

"ನೀನೇ ಕಣೆ."

"ನಾನು ಇಷ್ಟು ತೆಳ್ಳಗಿದೀನಾ?" ಎಂದು ಇನ್ನೊಮ್ಮೆ ಬಗ್ಗಿದಳು. ಕೋಪ ಅರ್ಧಕ್ಕರ್ಧ ಇಳಿಯಿತು. ಸಾಕ್ಷಿಗಳು ಕಡಿಮೆ ಇದ್ದುದರಿಂದ ವೀರಭದ್ರಸ್ವಾಮಿಗಳು ಅವಳಿಂದಲೂ ಒಂದು ಸಹಿ ಹಾಕಿಸಿದರು.

ಎರಡು ತಿಂಗಳು ಕಳೆಯಿತು. ಈ ಎರಡು ತಿಂಗಳೂ ಲಿಂಗರಾಜುವಿಗೆ ಊಟ ಸೇರಲಿಲ್ಲ. ಚಾಮಯ್ಯ ಆ ಮಹಜರನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅದನ್ನು ಬಟ್ಟೆಯಲ್ಲಿ ಸುತ್ತಿ, ಸಂತೆಗೆ ಬಂದಾಗಲೆಲ್ಲ ತಂದು ತೋರಿಸಿ ತೆಗೆದುಕೊಂಡು ಹೋಗುತ್ತಿದ್ದ. ಹೇಳಿಬಿಡೋಣವೆಂದು ಲಿಂಗರಾಜು ಬಾಯಿ ತೆರೆಯುವನು. "ನೀನಿಲ್ದಿದ್ರೆ ನಮ್ಗೆ ಯಾರ್ಲಾ ಓದಿ ಯೋಳೋರು" ಎಂದು ಮುದುಕ ಅನ್ನುವನು. ಬಾಯಿ ಮುಚ್ಚಿಹೋಗುತ್ತಿತ್ತು. ಎರಡನೇ ಭಾಗ ಹೊತ್ತು ತರುವ ಮೈಸೂರಿನ ಬಸ್ಸು ದಾರಿಯಲ್ಲಿ ಇಲವಾಲದಲ್ಲೇ ಕೆಟ್ಟು ನಿಲ್ಲಲಿ ಎಂದು ಹರಕೆ ಕಟ್ಟಿಕೊಂಡ.

ಬಸ್ಸು ಕೆಡಲಿಲ್ಲ. ಒಂದು ಸಂತೆಯ ದಿನ ನೀಲಕಂಠಸ್ವಾಮಿ ಸೀಡಿ ಹಿಡಿದು ಇಳಿದೇಬಿಟ್ಟ. ಕಂಪ್ಯೂಟರಿಗೆ ಅರಿಶಿನ ಕುಂಕುಮ, ಮೌಸಿಗೆ ಸೇವಂತಿಗೆ, ಮುಂದೆ ತೆಂಗಿನಕಾಯಿ. ಸೆಂಟರು ತುಂಬಿ ಜನ ರಸ್ತೆಯಲ್ಲಿ ನಿಂತರು. ಚಾಮುಂಡಮ್ಮ ಕುರ್ಚಿಯಲ್ಲಿ, ಸುಕನ್ಯ ಬೆನ್ನ ಹಿಂದೆ, ಚಾಮಯ್ಯ ಎಲ್ಲರಿಗಿಂತ ಮುಂದೆ, ಮಹಜರನ್ನು ಪರದೆಗೆ ಕಾಣುವಂತೆ ಬಿಡಿಸಿ ಹಿಡಿದುಕೊಂಡು.

ಸೀಡಿ ಗುರ್ರ್ ಎಂದಿತು. ನೀಲಿ ಪಟ್ಟಿ ಹರಿದಾಡಿ ಅರ್ಧಕ್ಕೆ ನಿಂತಿತು. ಪರದೆಯ ನಡುವೆ ಒಂದು ಚೌಕ ಎದ್ದು ಏನೋ ಕೇಳಿತು. ಕೆಳಗೆ ಎಸ್, ನೋ.

"ಎಸ್ ಒತ್ತಿದ್ರಾಯ್ತು" ಎಂದು ನೀಲಕಂಠಸ್ವಾಮಿ ಬೆರಳೆತ್ತಿದ.

ಲಿಂಗರಾಜು ಆ ಚೌಕ ಓದಿದ. ಈ ಸಲ ಚಿತ್ರವಿರಲಿಲ್ಲ. ಆದರೂ ಅರ್ಥವಾಯಿತು. ಜಾಗ, ಇಲ್ಲ, ಹಳೆಯ, ತೆಗೆ. ಅವನ ಕೈ ಅವನನ್ನು ಕೇಳದೆಯೇ ಹಾರಿ ನೀಲಕಂಠಸ್ವಾಮಿಯ ಮಣಿಕಟ್ಟು ಹಿಡಿಯಿತು.

"ಒತ್ತಬೇಡ!"

"ಯಾಕಣ್ಣ?"

"ನಾನು ಹೇಳಿದ್ದೆಲ್ಲಾ ಸುಳ್ಳು ಕಣಯ್ಯಾ!" ಲಿಂಗರಾಜುವಿನ ದನಿ ಕೀರಲಾಗಿ ರಸ್ತೆಗೂ ಕೇಳಿಸಿತು. "ನಂಗೆ ಇಂಗ್ಲಿಷ್ ಬರಲ್ಲ. ಬೇರೆ ಮನೆ ಅಂತಾನೂ ಬರ್ದಿಲ್ಲ, ಒಲೆ ಅಂತಾನೂ ಬರ್ದಿಲ್ಲ. ತಾಲ್ಲೂಕಾಫೀಸೂ ಇಲ್ಲ."

"ಕಾಂಪೌಂಡು?" ಎಂದರು ವೀರಭದ್ರಸ್ವಾಮಿಗಳು ಕ್ಷೀಣವಾಗಿ.

"ಇಲ್ಲ ಸಾರ್."

ಗಲಾಟೆಯೆದ್ದಿತು. ಸುಕನ್ಯಳ ಮದುವೆಯಾಗಿ ಆರು ವರ್ಷಕ್ಕೆ ಮೊದಲ ಸಲ ಅತ್ತೆ ಸೊಸೆ ಒಂದಾಗಿ ಲಿಂಗರಾಜುವಿನ ವಂಶವನ್ನು ವಿಚಾರಿಸಿಕೊಂಡರು. ಹೋದ ವರ್ಷ 'ಎಲ್ಲದಕ್ಕೂ' ಬಾಟಲಿಯನ್ನು ಬೆಳೆಗೆ ಹೊಡೆದಿದ್ದ ರೈತನೊಬ್ಬ ರಸ್ತೆಯಿಂದ ಒಳಗೆ ನುಗ್ಗಲು ನೋಡಿದ. ಅಂದೂ ನಲ್ಲಿಯಿಂದ ನೇರ ಬಂದಿದ್ದ ಪ್ರಮೀಳಾ ಖಾಲಿ ಕೊಡ ಅಡ್ಡ ಹಿಡಿದು ನಿಂತಳು. ಇದೆಲ್ಲದರ ನಡುವೆ ಚಾಮಯ್ಯ ಒಬ್ಬನೇ ಪರದೆಯಿಂದ ಕಣ್ಣು ಕಿತ್ತಿರಲಿಲ್ಲ.

"ಸುಮ್ಕಿರ್ರಯ್ಯ" ಅಂದ. ಜನ ಸುಮ್ಮನಾದರು. "ಲಿಂಗರಾಜು, ಇದುವರ್ಗೂ ಯೋಳಿದ್ದು ಓಗ್ಲಿ. ಈಗ ಅದೇನೋ ಕ್ಯೋಳ್ತಾ ಅದಲ್ಲ, ಅದೊಂದ್ ನಿಜ ಯೋಳು."

ಲಿಂಗರಾಜು ಮೂಗೊರೆಸಿಕೊಂಡ. "ಹೊಸದಕ್ಕೆ ಜಾಗ ಸಾಲದಂತಜ್ಜ. ಹಳೇ ಊರನ್ನ ತೆಗೀಲಾ ಅಂತ ಕೇಳ್ತದೆ. ಮನೆ, ಅವ್ವ, ಎಲ್ಲಾ ಹೋಗ್ತದೆ. ಮಹಜರು ತೋರಿಸಿದ್ರೂ ಬರಾಕಿಲ್ಲ."

"ಕ್ಯೋಳ್ತದಾ?"

"ಹೂಂ. ತೆಗೀಲಾ, ಬೇಡ್ವಾ ಅಂತ."

ಚಾಮಯ್ಯ ಮಹಜರನ್ನು ನಿಧಾನವಾಗಿ ಮಡಿಸಿದ. "ನಮ್ಮನ್ನ ಯಾರೂ ಕ್ಯೋಳ್ಲೇ ಇಲ್ಲ ಕಣ್ಲಾ" ಅಂದ. "ನೀರೇ ಬಂದು ಯೋಳ್ತು. ಈ ಮಿಸನ್ನು ಕ್ಯೋಳ್ತದಲ್ಲ!"

ಚಾಮುಂಡಮ್ಮ ಕುರ್ಚಿಯಲ್ಲಿ ಒರಗಿ, "ಸಾಯೋ ಕಾಟ ಬೇರೆ ಅದಂತೆ ಅದ್ರಲ್ಲಿ. ನಂಗೂ ಬ್ಯಾಡ" ಎಂದರು. ಸುಕನ್ಯ ಒಲೆಯನ್ನೂ ಅತ್ತೆಯನ್ನೂ ಮನಸ್ಸಿನಲ್ಲೇ ತೂಗಿ, ಚಾಮಯ್ಯನ ಮುಖ ನೋಡಿ, "ಇರ್ಲಿ ಬುಡಿ" ಎಂದಳು. ನೀಲಕಂಠಸ್ವಾಮಿ ಮಾತ್ರ ಸೀಡಿಯ ಡಬ್ಬಿಯನ್ನು ಎದೆಗವಚಿಕೊಂಡು ಏನೋ ಹೇಳಲು ಹೋದ. ಕಟ್ಟಡದ ಒಡತಿ ಅವನನ್ನು ನೋಡಿದರು. ಅವನು ತೆರೆದ ಬಾಯಿ ಮುಚ್ಚಿದ.

"ಬ್ಯಾಡ ಅನ್ನು" ಎಂದ ಚಾಮಯ್ಯ.

ಜೀವಮಾನದಲ್ಲಿ ಮೊದಲ ಬಾರಿಗೆ ನೀಲಕಂಠಸ್ವಾಮಿ ನೋ ಒತ್ತಿದ. ಚೌಕ ಮಾಯವಾಗಿ ಇನ್ನೊಂದು ಚೌಕ ಎದ್ದಿತು.

"ಈಗೇನಂತೆ?"

"ಖಂಡಿತಾ ಬೇಡ್ವಾ ಅಂತ ಕೇಳ್ತದೆ."

"ಎಲ್ಡ್ ಸತಿ ಕ್ಯೋಳ್ತದೆ!" ಚಾಮಯ್ಯ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ, ದೊಡ್ಡವರ ಮುಂದೆ ನಿಂತವನಂತೆ. "ಮರ್ವಾದಸ್ತರು ಕಣಪ್ಪ. ಖಂಡಿತಾ ಬ್ಯಾಡ ಅಂತ ಯೋಳು."

ಹೇಳಿದರು. ನೀಲಿ ಪಟ್ಟಿ ಹೋಯಿತು, ಸೀಡಿ ಹೊರಗೆ ಬಂತು, ಹಳೇ ಊರು ಪರದೆಯ ಮೇಲೆ ತೆರೆದುಕೊಂಡಿತು. ಈಜುಕೊಳ, ಕಲ್ಲುಬೆಂಚಿನ ಜಗಲಿ, ಹಿತ್ತಿಲಲ್ಲಿ ಕಪ್ಪು ನಾಯಿ. ನಿಲುವಂಗಿಯ ಚಿಕ್ಕಮಾದಮ್ಮ ಗಿಡಕ್ಕೆ ನೀರು ಹಾಕುತ್ತಿದ್ದಳು. ಚಾಮಯ್ಯ ಬಗ್ಗಿ ಮೂಗು ತಾಗುವಷ್ಟು ಹತ್ತಿರ ಹೋದ.

"ಅವ್ವಾ, ಗಂಟು ಮೂಟೆ ಬಿಚ್ಚು. ಓಗದು ಬ್ಯಾಡ್ವಂತೆ."

ಚಿಕ್ಕಮಾದಮ್ಮ ತಲೆಯೆತ್ತಿ, ಕೈ ಬೀಸಿ, ಮಲಯಾಳವೂ ಅಲ್ಲದ ಕೊಡವವೂ ಅಲ್ಲದ ಆ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿದಳು. ಅಭ್ಯಾಸಬಲದಿಂದ ಅಷ್ಟೂ ಜನ ಲಿಂಗರಾಜುವಿನ ಕಡೆ ತಿರುಗಿದರು. ಅವನು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ.

"ನಂಗೆ ಬರಾಕಿಲ್ಲ" ಅಂದ.

"ನಿಂಗ್ಯಾಕ್ ಬುಡು" ಎಂದ ಚಾಮಯ್ಯ, ಕಣ್ಣೊರೆಸಿಕೊಳ್ಳುತ್ತ. "ನಂಗ್ ತಿಳೀತು."